ಇನ್‌ಕ್ಯುಬೇಟರ್ ಒಳಗಿನ ರೊಟ್ಟಿ ಸಪ್ಪಳ

ನಂಬಿ ಅಂತ ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ನಂಬದವರು ಇಲ್ಲಿಗೇ ಬಿಟ್ಟು ದೀಪ ಆರಿಸಿ ಮಲಗಬಹುದು, ಒಳ್ಳೆ ನಿದ್ದೆ ಬರುತ್ತದೆ. ನನಗೆ ಬರುವುದಿಲ್ಲ. ಇದು ನನ್ನ ಕಣ್ಣೆದುರು ನಡೆದದ್ದು, ನನ್ನ ಕಿವಿಯೇ ಕೇಳಿದ್ದು... ಮತ್ತು ನಾನು ಬಹಳ ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಕಂಡದ್ದನ್ನು ಎರಡೆರಡು ಸಲ ನೋಡದೆ ಒಪ್ಪಿಕೊಳ್ಳುವ ಜಾತಿಯವಳಲ್ಲ.

ಆ ಲ್ಯಾಬ್ ಇರುವುದು ಹೈದರಾಬಾದಿನಲ್ಲಿ, ಲಿಂಗಂಪಲ್ಲಿಯಿಂದ ಇನ್ನೂ ಆಚೆ. ಹೆಸರು ಬೇಡ. ನಾವು ಮಾಡುವುದೇನು ಅಂತ ನೆಂಟರು ಕೇಳಿದರೆ, ಹರಿದ ಹೊಟ್ಟೆಗೆ ತೇಪೆ ಬೆಳೆಸುತ್ತೇವೆ ಅನ್ನುತ್ತಿದ್ದೆ. ಆಪರೇಷನ್ ಆದ ಕೆಲವರಿಗೆ ಹೊಟ್ಟೆಯ ಗೋಡೆ ಸಡಿಲಾಗಿ ಕರುಳು ಮುಂದಕ್ಕೆ ಉಬ್ಬುತ್ತದೆ, ಹರ್ನಿಯಾ ಅನ್ನುತ್ತಾರಲ್ಲ, ಅದು. ಅದಕ್ಕೆ ಪ್ಲಾಸ್ಟಿಕ್ ಜಾಲರಿ ಇಟ್ಟು ಹೊಲಿಯುತ್ತಾರೆ. ನಾವು ಅದರ ಬದಲು ಜೀವ ಇರುವ ತೇಪೆ ಮಾಡಲು ಹೊರಟಿದ್ದೆವು. ಬಳ್ಳಿಗೆ ಹಂದರ ಹಾಕಿದ ಹಾಗೆ ಮೊದಲು ಒಂದು ತೆಳು ಹಾಳೆ. ಆ ಹಂದರದ ಮೇಲೆ ಮನುಷ್ಯರ ಸ್ನಾಯುವಿನಿಂದ ತೆಗೆದ ಜೀವಕೋಶಗಳನ್ನು ಬಿತ್ತುವುದು. ಮೈಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ, ಅಂದರೆ ಇನ್‌ಕ್ಯುಬೇಟರಿನಲ್ಲಿಟ್ಟು ಕೆಂಪು ದ್ರಾವಣ ಉಣಿಸುತ್ತಾ ಕಾಯುವುದು. ಕೋಶಗಳು ಹಬ್ಬಿ, ಒಂದಕ್ಕೊಂದು ಕೂಡಿ, ಹಾಳೆ ಮಾಂಸವಾಗುತ್ತದೆ.

ಈ ಕೆಲಸಕ್ಕೆ ನನ್ನನ್ನು ಕರೆತಂದವನು ಮಲ್ಲಣ್ಣ. ಒಡಹುಟ್ಟಿದ ಅಣ್ಣ ಅಲ್ಲ, ಆದರೆ ಹಾಗೆ ಅಂದರೆ ಅವ್ವ ಬಯ್ಯುತ್ತಿದ್ದಳು. ನಮ್ಮದು ಬಾಗಲಕೋಟೆ ಕಡೆ, ಅವನದೂ ಅದೇ ಸೀಮೆ. ನಮ್ಮಪ್ಪ ಇಲ್ಲಿ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅಪ್ಪ ಹೋದ ಮೇಲೆ ನಾನು, ಅವ್ವ ಇಬ್ಬರೇ ನಾರಾಯಣಗೂಡದ ಹಳೆ ಮನೆಯಲ್ಲಿ ಇದ್ದೆವು. ಮಲ್ಲಣ್ಣ ಓದುವಾಗಿನಿಂದ ಭಾನುವಾರ ತಪ್ಪದೆ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ. ಮುಂದೆ ದೊಡ್ಡ ವಿಜ್ಞಾನಿಯಾಗಿ, ಈ ತೇಪೆಯ ಕೆಲಸಕ್ಕೇ ಮುಖ್ಯಸ್ಥನಾದ ಮೇಲೂ ಬರುವುದು ಬಿಡಲಿಲ್ಲ.

ಬರುತ್ತಿದ್ದದ್ದು ಅವ್ವನ ಜೋಳದ ರೊಟ್ಟಿಗೆ. ಬೇಗಂ ಬಜಾರಿಗೆ ಹೋಗಿ, ಕಾಳು ಹಲ್ಲಲ್ಲಿ ಕಡಿದು ನೋಡಿ, ಅಂಗಡಿಯವನ ತಲೆ ತಿಂದು ಜೋಳ ತರುವವಳು ಅವ್ವ. ರೊಟ್ಟಿ ಬಡಿಯುವುದರಲ್ಲಿ ಒಬ್ಬೊಬ್ಬರದು ಒಂದೊಂದು ಸಪ್ಪಳ. ನಮ್ಮೂರ ಓಣಿಯಲ್ಲಿ ಕಣ್ಣು ಮುಚ್ಚಿ ನಡೆದರೂ ಇದು ಯಾರ ಮನೆ ಅಂತ ಹೇಳಬಹುದಿತ್ತು. ಅವ್ವನ ಬಲಗೈಯ ತೋರುಬೆರಳು ಶಾವಿಗೆ ಮಣೆಯಲ್ಲಿ ಸಿಕ್ಕಿ ಮಡಚದಂತಾಗಿತ್ತು. ಅದಕ್ಕೇ ಅವಳದು ಬೇರೆ ಯಾರಿಗೂ ಬಾರದ ತಾಳ. ಟಪ್ ಟಪ್ ಟಪ್, ಬೇಗ ಬೇಗ ಮೂರು ಬಡಿತ... ರೊಟ್ಟಿ ತಿರುಗಿಸಲು ಸ್ವಲ್ಪ ತಡೆತ... ಆಮೇಲೆ ಅಂಗೈ ಬುಡದಿಂದ ಮೆತ್ತಗೆ ಒಂದು. ಟಪ್.

ಇನ್ನೊಂದು ಹಟ ಇತ್ತು ಅವಳಿಗೆ. ಉಣ್ಣುವವರು ಬಾಯಿಬಿಟ್ಟು "ಸಾಕವ್ವ" ಅನ್ನುವವರೆಗೆ ಒಲೆ ಬಿಟ್ಟು ಏಳುತ್ತಿರಲಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ನಡೆಯುತ್ತಿರಲಿಲ್ಲ. ನಾನು ಬೇಗ ಅಂದುಬಿಡುತ್ತಿದ್ದೆ. ಮಲ್ಲಣ್ಣ ಮಾತ್ರ ಬೇಕಂತಲೇ ಬಾಯಿ ಬಿಡುತ್ತಿರಲಿಲ್ಲ, ತಿನ್ನುತ್ತಾ ನಗುತ್ತಾ ಕೂರುತ್ತಿದ್ದ. ಅವ್ವ ಬಡಿಯುತ್ತಲೇ ಇರುತ್ತಿದ್ದಳು. ಕಡೆಗೆ ಅವನ ಪರವಾಗಿ ನಾನೇ ಸಾಕು ಅನ್ನಬೇಕಾಗುತ್ತಿತ್ತು.

ಅವ್ವನಿಗೂ ಹರ್ನಿಯಾ ಇತ್ತು. ಗರ್ಭಕೋಶ ತೆಗೆಸಿದ ಮೇಲೆ ಹೊಟ್ಟೆ ಉಬ್ಬಿ, ಸೀರೆಯ ಮೇಲೆ ಪಟ್ಟಿ ಬಿಗಿದುಕೊಂಡೇ ಕೆಲಸ ಮಾಡುತ್ತಿದ್ದಳು. ಆಪರೇಷನ್ ನಿಗದಿಯಾದಾಗ ಮಲ್ಲಣ್ಣ ಅವಳ ಪಕ್ಕ ಕೂತು, ಹೆಂಗೂ ಕೊಯ್ಯುತ್ತಾರೆ, ಹೊಟ್ಟೆಯ ಸ್ನಾಯುವಿನ ಒಂದು ಚೂರು ನಮ್ಮ ಪ್ರಯೋಗಕ್ಕೆ ಕೊಡು ಅಂತ ಕೇಳಿದ. ಅವ್ವ ಒಪ್ಪಿದಳು. ಆದರೆ ಒಂದು ಮಾತು ಹೇಳಿದಳು.

"ತಗೋಪಾ. ನಾ ಮಣ್ಣಿಗಿ ಹೋಗೂ ಮುಂದ ಮಾತ್ರ ನಂದು ನನಗ ತಿರುಗಿ ಕೊಡಬೇಕು ನೋಡು. ಅರ್ಧಾ ಇಲ್ಲಿ, ಅರ್ಧಾ ಅಲ್ಲಿ ಬಿಟ್ಟು ನಾ ಹೋಗಾಂಗಿಲ್ಲ."

ಇದು ತಮಾಷೆಯಲ್ಲ. ನಮ್ಮಲ್ಲಿ ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಕೊಡುತ್ತೇವೆ. ಮಣ್ಣಿಗೆ ಪೂರ್ತಿ ಹೋಗಬೇಕು ಅನ್ನುವುದು ಅವ್ವನ ಗಟ್ಟಿ ನಂಬಿಕೆ. ಬಿದ್ದುಹೋದ ತನ್ನ ಹಲ್ಲುಗಳನ್ನೂ ಒಂದು ಸಣ್ಣ ಡಬ್ಬಿಯಲ್ಲಿ ಕೂಡಿಟ್ಟು, ನನ್ನ ಜೊತೆ ಇಡು ಅಂತ ಹೇಳಿಟ್ಟಿದ್ದಳು. ಮಲ್ಲಣ್ಣ ನಮ್ಮ ದೇವರ ಜಗಲಿಯ ಈಬತ್ತಿ, ಅಂದರೆ ವಿಭೂತಿ, ಮುಟ್ಟಿ ಮಾತು ಕೊಟ್ಟ. ನಾನೇ ಸಾಕ್ಷಿ.

ಆಪರೇಷನ್ ಚೆನ್ನಾಗಿಯೇ ಆಯಿತು. ಅವ್ವ ಹೋದದ್ದು ಅದಾದ ಎಷ್ಟೋ ದಿನಗಳ ಮೇಲೆ, ಹೃದಯ ನಿಂತು. ಮಣ್ಣು ಮಾಡುವ ದಿನ ಮಲ್ಲಣ್ಣ ಐಸ್ ಡಬ್ಬಿ ಹಿಡಿದು ಬಂದ. ಒಳಗೆ ಬೆರಳಷ್ಟು ದಪ್ಪದ ಒಂದು ಸೀಸೆ, ಅದರಲ್ಲಿ ಕೆಂಪು ದ್ರಾವಣ. ಅವ್ವನ ಕೋಶಗಳೆಲ್ಲ ಇದರಲ್ಲಿವೆ, ಲ್ಯಾಬಿನಲ್ಲಿ ಒಂದೂ ಉಳಿದಿಲ್ಲ ಅಂದ. ಹೇಳುತ್ತಾ ಅತ್ತ ಕೂಡ. ಹಲ್ಲಿನ ಡಬ್ಬಿಯ ಪಕ್ಕ, ಅವ್ವನ ಮಡಿಲಲ್ಲಿ ಆ ಸೀಸೆಯನ್ನು ನನ್ನ ಕೈಯಾರೆ ಇಟ್ಟೆ. ಅವನ ಮೇಲೆ ಅವತ್ತು ಹುಟ್ಟಿದ ಅಭಿಮಾನವನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಇಷ್ಟು ಹೇಳಿದ್ದು ಯಾಕೆಂದರೆ, ಇದು ಗೊತ್ತಿಲ್ಲದಿದ್ದರೆ ಆ ರಾತ್ರಿ ನಾನು ಕೇಳಿದ್ದು ಬರೀ ಒಂದು ಸಪ್ಪಳ.

ಅದು ಬತುಕಮ್ಮ ಹಬ್ಬದ ಕೊನೆಯ ದಿನ. ಲ್ಯಾಬಿಗೆ ರಜೆ. ಆದರೆ ಕೋಶಗಳಿಗೆ ಹಬ್ಬ ಹುಣ್ಣಿಮೆ ಇಲ್ಲ. ಹೊತ್ತಿಗೆ ಸರಿಯಾಗಿ ಹಳೆ ದ್ರಾವಣ ತೆಗೆದು ಹೊಸದು ಹಾಕದಿದ್ದರೆ ಸಾಯುತ್ತವೆ. ಆಗ ನಮ್ಮಲ್ಲಿ ಒಂದು ಹೊಸ ಸಾಲಿನ, ಅಂದರೆ ಒಬ್ಬರೇ ಕೊಟ್ಟದ್ದರಿಂದ ಬೆಳೆಸಿದ, ಕೋಶಗಳಿದ್ದವು. ಯಾವುದೋ ಊರಿನ ಆಸ್ಪತ್ರೆಯಿಂದ ಬಂದದ್ದು ಅಂತ ಮಲ್ಲಣ್ಣ ಹೇಳಿದ್ದ. ಕೊಟ್ಟವರ ಹೆಸರನ್ನು ನಾವು ಬರೆಯುವುದಿಲ್ಲ, ಬರೀ ನಂಬರು. ಅಂಥ ಕೋಶಗಳನ್ನು ನಾನು ನೋಡಿರಲಿಲ್ಲ. ಏನು ಮಾಡಿದರೂ ಸಾಯುವುದಿಲ್ಲ, ಎಲ್ಲಿ ಬಿತ್ತಿದರೂ ಹಬ್ಬುತ್ತವೆ. ತಿಂಗಳುಗಟ್ಟಲೆ ನಾನೇ ಅವುಗಳಿಗೆ ಉಣಿಸಿದ್ದೆ. ಅವತ್ತೂ ಸಂಜೆ ಲೋಕಲ್ ಟ್ರೇನು ಹಿಡಿದು, ಲಿಂಗಂಪಲ್ಲಿಯಲ್ಲಿ ಇಳಿದು, ಆಟೋ ಮಾಡಿಕೊಂಡು ಹೋದೆ. ಗೇಟು ತಲುಪುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ದೂರದ ಕಾಲೊನಿಯಲ್ಲಿ ಹೆಂಗಸರು ಬತುಕಮ್ಮನ ಹೂವಿನ ರಾಶಿಯ ಸುತ್ತ ಚಪ್ಪಾಳೆ ತಟ್ಟಿ ಹಾಡುವುದು ಕೇಳಿಸುತ್ತಿತ್ತು.

ವಾಚ್‌ಮನ್ ಯಾದಯ್ಯ ಗೇಟಿನ ಹೊರಗೆ, ರಸ್ತೆಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಯಾಕೆ ಹೊರಗೆ ಅಂದೆ. ಅವನು ದನಿ ಇಳಿಸಿದ.

"ಮೇಡಂ... ಲೋಪಲ ಎವರೋ ಜೊನ್ನರೊಟ್ಟೆ ಕೊಡ್ತುನ್ನರು."

ಒಳಗೆ ಯಾರೋ ಜೋಳದ ರೊಟ್ಟಿ ಬಡಿಯುತ್ತಿದ್ದಾರಂತೆ! ಬೀಗ ಹಾಕಿದ ಲ್ಯಾಬಿನಲ್ಲಿ, ಹಬ್ಬದ ದಿನ. ಹಬ್ಬದ ಗುಂಗಿನಲ್ಲಿ ಒಂಚೂರು ಹಾಕಿಕೊಂಡಿದ್ದಾನೆ ಅಂದುಕೊಂಡು, ಕಾಲೊನಿಯ ಚಪ್ಪಾಳೆ ಇರಬೇಕು ಅಂದೆ. ಅವನು ತಲೆ ಅಲ್ಲಾಡಿಸಿದ. ಅವನ ಬಾಯಲ್ಲಿ ವಾಸನೆ ಇರಲಿಲ್ಲ.

ಒಳಗೆ ಹೋದೆ. ಕಾರಿಡಾರಿನ ದೀಪ ಹಾಕಿದೆ. ಎಂದಿನ ಸ್ಪಿರಿಟ್ ವಾಸನೆ, ಫ್ರಿಜ್‌ಗಳ ಗುಂಯ್ ಅನ್ನುವ ಸದ್ದು. ಬೇರೇನೂ ಇಲ್ಲ... ಚಪ್ಪಲಿ ಬಿಟ್ಟು, ನಿಲುವಂಗಿ ತೊಟ್ಟು, ಕೋಶ ಬೆಳೆಸುವ ಕೋಣೆಯ ಮೊದಲ ಬಾಗಿಲು ತೆರೆದೆ. ಎರಡನೇ ಬಾಗಿಲಿನ ಹಿಡಿಗೆ ಕೈ ಹಾಕಿದಾಗ ಮೂಗಿಗೆ ಬಡಿಯಿತು.

ಕಾದ ಹಂಚಿನ ಮೇಲೆ ಉದುರಿದ ಹಸಿ ಹಿಟ್ಟು ಸೀದ ವಾಸನೆ.

ಆ ಕೋಣೆಗೆ ಹೊರಗಿನ ಗಾಳಿಯೂ ಸೋಸದೆ ಬರುವ ಹಾಗಿಲ್ಲ. ಒಲೆ ಇಲ್ಲ, ಹಿಟ್ಟಿಲ್ಲ. ಯಾವುದೋ ಮೋಟಾರು ಸುಟ್ಟಿದೆ ಅಂತ ನನಗೆ ನಾನೇ ಹೇಳಿಕೊಂಡು ಬಾಗಿಲು ತಳ್ಳಿದೆ.

ಟಪ್ ಟಪ್ ಟಪ್... ... ಟಪ್.

ಸಪ್ಪಳ ಜೋರಾಗಿರಲಿಲ್ಲ, ಪಕ್ಕದ ಮನೆಯ ಅಡಿಗೆಮನೆಯಿಂದ ಗೋಡೆ ದಾಟಿ ಬಂದ ಹಾಗಿತ್ತು. ದೀಪ ಹಾಕಿದೆ. ನಿಲ್ಲಲಿಲ್ಲ. ಒಂದೊಂದೇ ಯಂತ್ರಕ್ಕೆ ಕಿವಿ ಕೊಟ್ಟೆ. ಕಡೆಗೆ ಮೂಲೆಯ ಇನ್‌ಕ್ಯುಬೇಟರಿಗೆ ಕಿವಿ ಹಚ್ಚಿದೆ... ಅದರೊಳಗೇ.

ಬಾಗಿಲು ತೆರೆದೆ. ಮುಖಕ್ಕೆ ಬಿಸಿ ಬಡಿಯಿತು. ಆ ಹೊಸ ಸಾಲಿನ ಹಂದರಗಳನ್ನು ನಾವು ಅಂಗೈಯಷ್ಟು ದುಂಡಗೆ ಕತ್ತರಿಸಿ, ಬಳೆಯಂಥ ಚೌಕಟ್ಟಿಗೆ ಬಿಗಿದು, ಒಂದೊಂದು ತಟ್ಟೆಯಲ್ಲಿ ಒಂದೊಂದು ಇಟ್ಟಿದ್ದೆವು. ಒಳಬಾಗಿಲ ಗಾಜಿನ ಆಚೆ ತಟ್ಟೆಗಳಲ್ಲಿನ ಕೆಂಪು ದ್ರಾವಣ ನಡುಗುತ್ತಿತ್ತು. ಮೂರು ಸಲ ಬೇಗ ಬೇಗ... ತಡೆತ... ಮೆತ್ತಗೆ ಒಂದು.

ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಸ್ನಾಯುವಿನ ಕೋಶಗಳು ಬೆಳೆದ ಮೇಲೆ ತಾವಾಗಿಯೇ ಮಿಡಿಯುವುದುಂಟು. ಅದರಲ್ಲಿ ದೆವ್ವವೂ ಇಲ್ಲ, ಪವಾಡವೂ ಇಲ್ಲ. ಆದರೆ ಅದನ್ನು ನೋಡಲು ಮೈಕ್ರೋಸ್ಕೋಪ್ ಬೇಕು, ಬರಿಗಣ್ಣಿಗೆ ಕಾಣುವುದಿಲ್ಲ. ಸಪ್ಪಳವಂತೂ ಸಾಧ್ಯವೇ ಇಲ್ಲ. ಒಂದು ತಟ್ಟೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ, ಆದರೂ ಎಲ್ಲವೂ ಒಂದೇ ತಾಳಕ್ಕೆ ಮಿಡಿಯುತ್ತಿದ್ದವು. ಅದೇ ಪೆಟ್ಟಿಗೆಯ ಕೆಳಗಿನ ಹಲಗೆಯ ಮೇಲೆ ಬೇರೆಯವರ ಕೋಶಗಳಿದ್ದವು. ಅವುಗಳ ದ್ರಾವಣ ಕದಲದೆ ನಿಂತಿತ್ತು. ಒಂದು ತಟ್ಟೆ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಎರಡು ಸಲ ನೋಟ ತಪ್ಪಿತು. ಮೂರನೇ ಸಲ ಕಂಡಿತು. ಉದ್ದುದ್ದ ನಾರಿನ ಹಾಗೆ ಬೆಳೆದ ಕೋಶಗಳು ಸೇರಿ ಹಂದರವನ್ನೇ ಜಗ್ಗಿ ಬಿಡುತ್ತಿದ್ದವು. ಮೂರು... ತಿರುವು... ಒಂದು.

ಮಡಚದ ಬೆರಳಿನ ತಾಳ. ಜಗತ್ತಿನಲ್ಲಿ ಅದು ಒಬ್ಬಳದೇ.

ನಾನು ನೆಲಕ್ಕೆ ಕೂತೆ. ಮಲ್ಲಣ್ಣನಿಗೆ ಫೋನ್ ಮಾಡಿದೆ. ಅವನ ಮನೆಯಲ್ಲಿ ಹಬ್ಬದ ಗದ್ದಲ, ಮಕ್ಕಳ ಕೂಗು. ಫೋನ್ ಹಿಡಿದು ಮನೆಯಿಂದ ಹೊರಗೆ ಬಾ ಅಂದೆ. ಬಂದ.

"ಅಣ್ಣ, ಈ ಹೊಸ ಸಾಲು ಯಾರದು?"

ಅದಕ್ಕೆ ಅವನು ಆಡಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹುಚ್ಚಿ, ಏನು ಮಾತಾಡುತ್ತೀ ಅಂದಿದ್ದರೆ ನಾನು ನಂಬುತ್ತಿದ್ದೆ. ನಂಬಲು ಕಾದಿದ್ದೆ.

"ನಿನಗ ಯಾರು ಹೇಳಿದ್ರು?" ಅಂದ.

ಹಾಗಾದರೆ ಅವ್ವನ ಮಡಿಲಲ್ಲಿ ನಾನು ಇಟ್ಟದ್ದೇನು ಅಂತ ಕೇಳಿದೆ. ಬರೀ ದ್ರಾವಣ ಅಂದ. ಒಂದು ಕೋಶವೂ ಇಲ್ಲದ ಬಣ್ಣದ ನೀರು. ಅದನ್ನು ಅವನು ಐಸ್ ಡಬ್ಬಿಯಲ್ಲಿ ತಂದು, ಕಣ್ಣೀರು ಹಾಕಿ ನನ್ನ ಕೈಗಿತ್ತಿದ್ದ.

ಆಮೇಲೆ ಅವನಿಗೆ ಮಾತು ಬಂತು. ಇಂಥ ಕೋಶಗಳು ಜನ್ಮಕ್ಕೊಂದು ಸಲ ಸಿಗುವುದೂ ಕಷ್ಟ, ಎಷ್ಟೋ ಜನರ ಹೊಟ್ಟೆ ನೆಟ್ಟಗಾಗುತ್ತದೆ, ನಿನ್ನನ್ನು ಕೇಳಿದ್ದರೆ ಕೊಡುತ್ತಿರಲಿಲ್ಲ, ಅವ್ವ ಇದ್ದಿದ್ದರೆ ಅವಳೇ ಹೂಂ ಅನ್ನುತ್ತಿದ್ದಳು... ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದ. ಇದಕ್ಕೆ ಅವನು ಎಷ್ಟು ದಿನದಿಂದ ತಯಾರಾಗಿದ್ದನೋ.

"ಕೇಳಿದ್ರ ಕೊಡ್ತಿದ್ಲು ಅಣ್ಣ," ಅಂದೆ. "ಆಕಿ ನಿನಗ ಯಾವತ್ತು ಇಲ್ಲ ಅಂದಾಳ? ನೀ ಕೇಳಲಿಲ್ಲ. ಕದ್ದಿ. ಈಬತ್ತಿ ಮುಟ್ಟಿ ಕದ್ದಿ."

ಅವ್ವನದನ್ನು ಅವ್ವನಿಗೆ ತಿರುಗಿ ಕೊಡು, ನಾಳೆಯೇ ಮಣ್ಣು ಕೊಟ್ಟು ಬರುತ್ತೇನೆ ಅಂದೆ.

"ಹಂಗ ಆಗಂಗಿಲ್ಲ ಸುಮಾ. ಬ್ಯಾರೆ ಊರಿನ ಲ್ಯಾಬಿಗೂ ಕಳಿಸಿ ಆಗೇತಿ. ಎಲ್ಲಿ ಅಂತ ತಿರುಗಿ ತರೂದು?"

ಅರ್ಧಾ ಇಲ್ಲಿ, ಅರ್ಧಾ ಅಲ್ಲಿ... ಫೋನು ಕೈಯಲ್ಲಿ ಹಾಗೇ ಇತ್ತು. ಕೋಣೆಯಲ್ಲಿ ಅದೊಂದೇ ಸಪ್ಪಳ. ಟಪ್ ಟಪ್ ಟಪ್... ... ಟಪ್.

ಆ ಕಡೆ ಅವನ ಉಸಿರು ನಿಂತದ್ದು ನನಗೆ ಕೇಳಿಸಿತು.

"ಸುಮಾ... ಅಲ್ಲಿ ಯಾರದಾರ?"

"ನೀನ ಹೇಳಣ್ಣ. ಯಾರದಾರ?"

ಅವನು ಫೋನ್ ಇಟ್ಟುಬಿಟ್ಟ.

ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ ಗೊತ್ತಿಲ್ಲ. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಬೆನ್ನು ಗೋಡೆಗೆ ಒತ್ತಿಕೊಂಡಿದ್ದೆ. ಆದರೆ ಹೆದರಿಕೆಗಿಂತ ಸಂಕಟ ಹೆಚ್ಚಾಗಿತ್ತು. ಸತ್ತ ಮೇಲೂ ಇವಳನ್ನು ಎಬ್ಬಿಸಿ ದುಡಿಸುತ್ತಿದ್ದಾನಲ್ಲ ಅಂತ. ಹಂಚಿನ ವಾಸನೆ ದಟ್ಟವಾಯಿತು. ಸಪ್ಪಳ ಚುರುಕಾಯಿತು. ಉಣ್ಣುವವರು ಹಸಿದಿದ್ದಾರೆ ಅಂತ ಗೊತ್ತಾದಾಗ ಅವ್ವ ಹೀಗೇ ಗಡಿಬಿಡಿ ಮಾಡುತ್ತಿದ್ದಳು. ಆಗ ನೆನಪಾಯಿತು, ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.

ಎದ್ದು ಇನ್‌ಕ್ಯುಬೇಟರಿನ ಮುಂದೆ ನಿಂತೆ. ಗಾಜಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು.

"ಸಾಕವ್ವ," ಅಂದೆ. "ಹೊಟ್ಟಿ ತುಂಬಿತು. ಏಳಿನ್ನ."

ಮೂರು ಬಡಿತ ಬಿತ್ತು. ತಡೆತ. ಕೊನೆಯ ಒಂದು ಬೀಳಲಿಲ್ಲ.

ಕೆಂಪು ದ್ರಾವಣ ಮೆಲ್ಲಗೆ ಕದಲುವುದು ಬಿಟ್ಟು ನಿಂತಿತು. ವಾಸನೆ ಹೋಯಿತು. ದೂರದಲ್ಲಿ ಬತುಕಮ್ಮನ ಹಾಡು ಯಾವಾಗ ಮುಗಿದಿತ್ತೋ, ಫ್ರಿಜ್‌ಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಬೆಳಗಿನವರೆಗೆ ನಾನು ಆ ಗಾಜಿನ ಮುಂದಿನಿಂದ ಏಳಲಿಲ್ಲ. ಬೆಳಕು ಹರಿಯುವಾಗ ನೋಡಿದರೆ ಆ ಸಾಲಿನ ಕೋಶಗಳೆಲ್ಲ ಹಂದರ ಬಿಟ್ಟು ಕಳಚಿ, ತಟ್ಟೆಯ ತಳದಲ್ಲಿ ಬಿಳಿ ಪುಡಿಯ ಹಾಗೆ ಕೂತಿದ್ದವು. ಬಿಸಿ ಸರಿಯಾಗಿತ್ತು, ಗಾಳಿ ಸರಿಯಾಗಿತ್ತು, ಸೋಂಕಿನ ಗುರುತು ಎಲ್ಲೂ ಇರಲಿಲ್ಲ. ಕೆಳಗಿನ ಹಲಗೆಯವು ಆರಾಮವಾಗಿದ್ದವು.

ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿಕೊಂಡು ಹೋಗಿ ಅವ್ವನ ಸಮಾಧಿಯ ಪಕ್ಕ ತೋಡಿ ಇಟ್ಟು ಬಂದೆ. ನಿಯಮ ಮುರಿದೆ ಅಂತ ಯಾರಾದರೂ ಕೇಳಲಿ ಅಂತ ಕಾದೆ. ಯಾರೂ ಕೇಳಲಿಲ್ಲ. ಸೋಂಕು ತಗುಲಿ ಹೋಯಿತು ಅಂತ ಮಲ್ಲಣ್ಣನೇ ಎಲ್ಲರಿಗೂ ಹೇಳಿದ. ಅವನು ಆಮೇಲೆ ಆ ಕೋಣೆಯ ಒಳಗೆ ಕಾಲಿಡಲಿಲ್ಲ. ನಾನು ಕೆಲಸ ಬಿಟ್ಟು ಹೊರಡುವ ದಿನ ಗೇಟಿನ ಹತ್ತಿರ ಕಾಯುತ್ತಾ ನಿಂತಿದ್ದ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಕ್ಷಮಿಸು ಅನ್ನುತ್ತಾನೆ ಅಂದುಕೊಂಡೆ.

"ಸುಮಾ, ಹ್ಯಾಂಗ ನಿಲ್ಲಿಸಿದಿ?" ಅಂದ. "ಅಷ್ಟು ಹೇಳಿ ಹೋಗು."

ನಿಂತದ್ದನ್ನು ನಾನು ಅವನಿಗೆ ಹೇಳಿರಲಿಲ್ಲ. ಯಾದಯ್ಯನೂ ಆ ರಾತ್ರಿ ಒಳಗೆ ಬಂದಿರಲಿಲ್ಲ. ಮಲ್ಲಣ್ಣನಿಗೆ ಎಲ್ಲಿ ಏನು ಕೇಳಿಸುತ್ತಿತ್ತೋ, ನಾನು ಕೇಳಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ವರ್ಷ ಉಂಡವನಿಗೆ ಅದು ಗೊತ್ತಿರಬೇಕಿತ್ತು.

ಈಗ ನಾನು ನಾರಾಯಣಗೂಡದಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತೇನೆ. ಇದನ್ನು ಮರೆಯಬೇಕು ಅಂತಲೇ ಇದ್ದೆ. ಆದರೆ ಹೋದ ಚಳಿಗಾಲದಲ್ಲಿ ಒಂದು ಫೋನ್ ಬಂತು. ದೂರದ ಊರಿನ ಲ್ಯಾಬಿನ ಹುಡುಗಿ, ಹಿಂದಿಯಲ್ಲಿ ಮಾತಾಡಿದಳು. ಕೋಶಗಳ ಜೊತೆ ಬಂದ ಕಾಗದದಲ್ಲಿ, ಬೆಳೆಸಿದವರು ಅಂತ ನನ್ನ ಹೆಸರು ಇತ್ತಂತೆ. ಮೊದಲು ಅದೂ ಇದೂ ಕೇಳಿದಳು. ಆಮೇಲೆ ಸಂಕೋಚದಿಂದ, ಮ್ಯಾಡಮ್, ನಿಮ್ಮಲ್ಲಿ ಇವು ರಾತ್ರಿ ಹೊತ್ತು ಸಪ್ಪಳ ಮಾಡುತ್ತಿದ್ದವಾ ಅಂದಳು. ಎಂಥ ಸಪ್ಪಳ ಅಂದೆ. ಅವಳು ಬೆರಳಿನಿಂದ ಫೋನಿನ ಮೇಲೆ ಬಡಿದು ತೋರಿಸಿದಳು. ಬೇಗ ಬೇಗ ಮೂರು. ತಡೆತ. ಒಂದು.

ಸಾಕವ್ವ ಅನ್ನುವ ಮಾತನ್ನು ಅವಳಿಗೆ ಕಲಿಸಿದೆ. ಕನ್ನಡದಲ್ಲೇ ಹೇಳು ಅಂದೆ. ಅವಳು ಎರಡು ಸಲ ತಪ್ಪು ಅಂದು, ಮೂರನೇ ಸಲ ಸರಿ ಅಂದು, ಇದರ ಅರ್ಥ ಏನು ಅಂದಳು. ಹೇಳಿದೆ. ಅವಳು ಫೋನ್ ಇಟ್ಟಳು. ಮತ್ತೆ ಮಾಡಿಲ್ಲ.

ಅವಳದು ಒಂದು ಊರು. ಇನ್ನೂ ಎಲ್ಲೆಲ್ಲಿಗೆ ಹೋಗಿದೆಯೋ, ಮಲ್ಲಣ್ಣ ಇವತ್ತಿಗೂ ಹೇಳಿಲ್ಲ. ಅಲ್ಲೆಲ್ಲ ನನಗೆ ಫೋನ್ ಮಾಡುವ ಹುಡುಗಿಯರು ಇರುತ್ತಾರಾ? ತಟ್ಟೆ ಮುಂದೆ ನಿಂತು ಸಾಕು ಅನ್ನುವವರಿಲ್ಲದಿದ್ದರೆ ಅವ್ವ ಏಳುವವಳಲ್ಲ. ನನಗೆ ಗೊತ್ತು.

ಅದಕ್ಕೇ ದಿನಾ ರಾತ್ರಿ ಊಟ ಆದ ಮೇಲೆ, ದೀಪ ಆರಿಸಿ, ಖಾಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಗಟ್ಟಿಯಾಗಿ ಅನ್ನುತ್ತೇನೆ... ಸಾಕವ್ವ, ಹೊಟ್ಟಿ ತುಂಬಿತು. ಎಲ್ಲಿಯವರೆಗೆ ಕೇಳಿಸುತ್ತದೋ ಗೊತ್ತಿಲ್ಲ.